ಬೆಳ್ಳಿಯೂರಿನ ಡಾಂಬರಿನ ಕೆಳಗೆ

1859ರಲ್ಲಿ ಅಮೆರಿಕದ ನೆವಾಡಾ ಬೆಟ್ಟಗಳಲ್ಲಿ ಚಿನ್ನ ಹುಡುಕುತ್ತಿದ್ದವರಿಗೆ ಒಂದು ಬಗೆಯ ನೀಲಿ ಕೆಸರು ದೊಡ್ಡ ಕಾಟವಾಗಿತ್ತು. ಚಿನ್ನ ತೊಳೆಯುವ ಸಾಧನಗಳಿಗೆ ಮೆತ್ತಿಕೊಂಡು ಕೆಲಸ ಕೆಡಿಸುತ್ತಿದ್ದ ಆ ಭಾರದ ಮಣ್ಣನ್ನು ಅವರು ಬೈದುಕೊಂಡೇ ಪಕ್ಕಕ್ಕೆ ಎಸೆಯುತ್ತಿದ್ದರು. ಅದರಲ್ಲಿ ಒಂದಿಷ್ಟನ್ನು ಪರೀಕ್ಷೆ ಮಾಡಿಸಿದಾಗ ಗುಟ್ಟು ಹೊರಬಿತ್ತು: ಎಸೆದದ್ದೆಲ್ಲ ಬೆಳ್ಳಿಯ ಅದಿರು! ಕಾಮ್‌ಸ್ಟಾಕ್ ಎಂದು ಹೆಸರಾದ ಆ ಅದಿರಿನ ಪಟ್ಟೆಯ ಮೇಲೆ ವರ್ಜೀನಿಯಾ ಸಿಟಿ ಎಂಬ ಊರು ನೋಡನೋಡುತ್ತಿದ್ದಂತೆ ಎದ್ದು ನಿಂತಿತು.

ಎಸೆದದ್ದರಲ್ಲಿ ಬೆಲೆ ಹುಡುಕುವ ಕೆಲಸ ಆ ಊರಿನಲ್ಲಿ ಆಮೇಲೂ ನಡೆಯಿತು. ಗಣಿಗಳು ಬರಿದಾಗಿ ನೂರು ವರ್ಷ ಕಳೆದ ಮೇಲೆ ಅಗೆಯಲು ಬಂದವರು ಪುರಾತತ್ತ್ವ ವಿದ್ಯಾರ್ಥಿಗಳು. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದ ಈ ಊರಿನಲ್ಲಿ ಚಳಿಗಾಲವೆಂದರೆ ಹಿಮ. ಹಾಗಾಗಿ ನೆಲ ಒಣಗಿ, ಕಾಲೇಜಿಗೂ ರಜೆ ಸಿಗುವ ಬೇಸಿಗೆಯೇ ಉತ್ಖನನ ಶಿಬಿರಕ್ಕೆ ಒದಗುವ ಕಾಲ.

ಶಿಬಿರಕ್ಕೆ ಹೊಸದಾಗಿ ಬಂದವರಿಗೆ ಮೊದಲ ದಿನವೇ ನಿರಾಸೆ ಕಾದಿರುತ್ತದೆ. ಗುದ್ದಲಿ ಎತ್ತುವ ಮಾತೇ ಇಲ್ಲ. ಗೂಟ ನೆಟ್ಟು ದಾರ ಎಳೆದು ನೆಲವನ್ನು ಚೌಕಗಳಾಗಿ ವಿಂಗಡಿಸಬೇಕು, ಪ್ರತಿ ಚೌಕಕ್ಕೆ ಒಂದು ಸಂಖ್ಯೆ ಕೊಡಬೇಕು, ಎತ್ತರ ಅಳೆಯಬೇಕು. ಆಮೇಲೆ ಕೈಗೆ ಬರುವುದು ಗಾರೆ ಕೆಲಸದವರ ಕರಣೆಯಂಥ ಪುಟ್ಟ ಉಪಕರಣ. ಅದರಿಂದ ಅಗೆಯುವುದೂ ಇಲ್ಲ. ಅಂಚಿನಿಂದ ಮಣ್ಣನ್ನು ತೆಳುವಾಗಿ ಹೆರೆಯುತ್ತಾರೆ. ಹೆರೆದ ಮಣ್ಣು ಬಕೆಟ್ಟಿಗೆ, ಬಕೆಟ್ಟಿನಿಂದ ಜರಡಿಗೆ. ಜರಡಿಯ ಮೇಲೆ ಉಳಿದದ್ದನ್ನು ಬೆರಳಿನಿಂದ ಆಡಿಸಿ ಕಲ್ಲು ಯಾವುದು, ಮೂಳೆ ಯಾವುದು ಎಂದು ಬೇರ್ಪಡಿಸಬೇಕು. ಮೊದಮೊದಲು ಎಲ್ಲವೂ ಕಲ್ಲಿನಂತೆಯೇ ಕಾಣುತ್ತದೆ. ಕೆಲವು ದಿನ ಕಳೆದ ಮೇಲೆ ಕಣ್ಣು ಪಳಗುತ್ತದೆ, ಬೆರಳು ಅದಕ್ಕೂ ಮೊದಲೇ ಪಳಗಿರುತ್ತದೆ.

ಇಷ್ಟೊಂದು ನಿಧಾನ ಏಕೆ? ಮಣ್ಣಿನಿಂದ ಕಿತ್ತ ವಸ್ತುವನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಲು ಬರುವುದಿಲ್ಲ. ಅದು ಯಾವ ಪದರದಲ್ಲಿತ್ತು, ಅದರ ಪಕ್ಕದಲ್ಲಿ ಏನಿತ್ತು ಎಂಬುದನ್ನು ಆಗಲೇ ಬರೆದಿಡದಿದ್ದರೆ ಉಳಿಯುವುದು ಬರೀ ಒಂದು ಹಳೆಯ ಸೀಸೆ. ಪದರದ ಕಾಲ ನಿರ್ಧರಿಸುವ ನಿಯಮ ಸರಳ: ಅದರೊಳಗೆ ಸಿಕ್ಕ ವಸ್ತುಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ, ಪದರ ಅದಕ್ಕಿಂತ ಹಿಂದಿನದಾಗಿರಲಾರದು. 1873ರ ನಾಣ್ಯ ಸಿಕ್ಕಿದ ಪದರ 1873ಕ್ಕಿಂತ ಮೊದಲು ಕೂಡಿದ್ದಲ್ಲ. ನಾಣ್ಯ ಸಿಗದಿದ್ದರೆ ಮೊಳೆಯೂ ಆದೀತು. ಕಬ್ಬಿಣದ ಹಾಳೆಯಿಂದ ಕತ್ತರಿಸಿದ ಚಪ್ಪಟೆ ಮೊಳೆ ಹಳೆಯದು. ತಂತಿಯಿಂದ ಮಾಡಿದ, ಇಂದಿಗೂ ಬಳಸುವ ದುಂಡು ಮೊಳೆ ಅಮೆರಿಕದಲ್ಲಿ ಮೇಲುಗೈ ಪಡೆದದ್ದು 1890ರ ಸುಮಾರಿಗೆ. ಬಾಟಲಿಯ ಮೈಮೇಲಿನ ಅಚ್ಚಿನ ಗೆರೆ, ಪಿಂಗಾಣಿ ತಟ್ಟೆಯ ತಳದ ಮುದ್ರೆ, ತೋಟಾದ ಹಿಂಬದಿಯ ಗುರುತು, ಎಲ್ಲವೂ ಒಂದೊಂದು ಪಂಚಾಂಗ.

ವರ್ಜೀನಿಯಾ ಸಿಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಗುರುತೊಂದಿದೆ. 1875ರ ಅಕ್ಟೋಬರ್ 26ರಂದು ಊರಿನ ಬಹುಭಾಗ ಸುಟ್ಟುಹೋಯಿತು. ಜನ ಬೂದಿಯನ್ನು ಸರಿಸಿ, ಉಳಿದದ್ದನ್ನು ನೆಲಕ್ಕೆ ಸಮ ಮಾಡಿ ಅದರ ಮೇಲೆಯೇ ಮತ್ತೆ ಕಟ್ಟಿದರು. ಅಗೆಯುವವರಿಗೆ ಇದ್ದಿಲಿನ ಕಪ್ಪು ಪಟ್ಟಿ ಕಂಡರೆ ಸಾಕು: ಅದರ ಕೆಳಗಿರುವುದೆಲ್ಲ ಬೆಂಕಿಗೆ ಮುಂಚಿನದು. ಊರಿಗೆ ಬಂದ ದುರಂತ ಪುರಾತತ್ತ್ವಕ್ಕೆ ಅನುಕೂಲವಾಗುತ್ತದೆ. ಹೀಗೆ ಹೇಳುವಾಗ ಸ್ವಲ್ಪ ಮುಜುಗರವಾಗುತ್ತದೆ, ಆದರೆ ನಿಜ.

2000ದ ಬೇಸಿಗೆಯಲ್ಲಿ ಪುರಾತತ್ತ್ವಜ್ಞೆ ಕೆಲ್ಲಿ ಡಿಕ್ಸನ್ ಅವರ ತಂಡ ಇಲ್ಲಿನ ವಾಹನ ನಿಲುಗಡೆಯ ಜಾಗದಲ್ಲಿ ಡಾಂಬರು ತೆಗೆಸಿ ಕೆಳಗಿಳಿಯಿತು. ಅಲ್ಲಿ ಒಮ್ಮೆ ಇದ್ದದ್ದು ಬಾಸ್ಟನ್ ಸಲೂನ್. ಸಲೂನ್ ಎಂದರೆ ನಮ್ಮ ಕಿವಿಗೆ ಕ್ಷೌರದಂಗಡಿ. ಅಲ್ಲಿ ಅದು ಮದ್ಯದಂಗಡಿ. ಅದನ್ನು ನಡೆಸುತ್ತಿದ್ದವರು ಮ್ಯಾಸಚೂಸೆಟ್ಸ್ ಮೂಲದ ವಿಲಿಯಂ ಬ್ರೌನ್ ಎಂಬ ಕಪ್ಪು ವರ್ಣೀಯರು. ಅಮೆರಿಕದ ಅಂತರ್ಯುದ್ಧದ (1861–65) ಆಸುಪಾಸಿನಲ್ಲಿ ಶುರುವಾದ ಅಂಗಡಿ 1875ರವರೆಗೆ ನಡೆಯಿತು. ಊರಿನ ಚರಿತ್ರೆಯಲ್ಲಿ ಗಣಿಧಣಿಗಳ ಹೆಸರಿಗೆ ಬರವಿಲ್ಲ, ಬ್ರೌನ್ ಅವರಿಗೆ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಸಾಲು. ಪತ್ರಿಕೆಗಳನ್ನು ನೆಚ್ಚಿಕೊಳ್ಳೋಣವೆಂದರೆ, ತಮಾಷೆಯ ಉತ್ಪ್ರೇಕ್ಷೆಗೆ ಹೆಸರಾದ ಲೇಖಕ ಮಾರ್ಕ್ ಟ್ವೈನ್ ಅವರ ಆ ಅಂಕಿತನಾಮ 1863ರಲ್ಲಿ ಮೊದಲು ಕಾಣಿಸಿಕೊಂಡದ್ದು ಈ ಊರಿನ ಟೆರಿಟೋರಿಯಲ್ ಎಂಟರ್‌ಪ್ರೈಸ್ ಪತ್ರಿಕೆಯಲ್ಲಿ. ಅಂಥವರು ವರದಿಗಾರರಾಗಿದ್ದ ಪತ್ರಿಕೆಯನ್ನು ಎಷ್ಟು ನಂಬಬೇಕು ಎಂಬುದನ್ನು ಓದುಗರೇ ಲೆಕ್ಕ ಹಾಕಲಿ.

ಮಣ್ಣು ಹೇಳಿದ ಸುದ್ದಿ ಬೇರೆಯಾಗಿತ್ತು. ಅಂದವಾದ ಗಾಜಿನ ಲೋಟಗಳ ಚೂರು, ಅನಿಲ ದೀಪದ ಭಾಗಗಳು, ಟ್ರೊಂಬೋನ್ ವಾದ್ಯದ ಊದುವ ತುದಿ ಹೊರಬಂದವು. ಮೂಳೆಗಳ ಮೇಲಿನ ಗರಗಸದ ಗುರುತು ನೋಡಿದರೆ ಮಾಂಸ ಪ್ರಾಣಿಯ ಯಾವ ಭಾಗದ್ದೆಂದು ತಿಳಿಯುತ್ತದೆ. ಆ ಊರಿನಲ್ಲಿ ಅಗೆದ ಇನ್ನೂ ಮೂರು ಮದ್ಯದಂಗಡಿಗಳ ಮೂಳೆಗಳೊಂದಿಗೆ ಹೋಲಿಸಿದಾಗ, ಒಳ್ಳೆಯ, ದುಬಾರಿ ತುಂಡುಗಳು ಸಿಕ್ಕಿದ್ದು ಬಾಸ್ಟನ್ ಸಲೂನಿನಲ್ಲಿ. ಗುಂಡಿನ ಕಾಳಗ, ಹರಕು ಮೇಜು, ಅಗ್ಗದ ವಿಸ್ಕಿ ಎಂದು ಸಿನಿಮಾಗಳು ಕಟ್ಟಿಕೊಟ್ಟ ಚಿತ್ರಕ್ಕೂ ಈ ಅಂಗಡಿಗೂ ಹೊಂದಿಕೆಯಾಗುವುದಿಲ್ಲ.

ಬೇರೆಬೇರೆ ಕಡೆ ಸಿಕ್ಕ ಗಾಜಿನ ಚೂರುಗಳನ್ನು ಪ್ರಯೋಗಾಲಯದಲ್ಲಿ ಒಂದಕ್ಕೊಂದು ಜೋಡಿಸುತ್ತ ಹೋದಾಗ ಒಂದು ಪುಟ್ಟ ಬಾಟಲಿ ಮೈದಳೆಯಿತು. ಅದು ಟಬಾಸ್ಕೊ ಮೆಣಸಿನ ಸಾಸಿನದು. ಗೊತ್ತಿರುವ ಟಬಾಸ್ಕೊ ಬಾಟಲಿಗಳಲ್ಲೇ ಅತ್ಯಂತ ಹಳೆಯ ಮಾದರಿ. ಎಡ್ಮಂಡ್ ಮೆಕಿಲ್ಹೆನಿ ಈ ಸಾಸನ್ನು ದೂರದ ಲೂಸಿಯಾನಾದಲ್ಲಿ ಮಾರಾಟಕ್ಕೆ ಇಳಿಸಿದ್ದು 1860ರ ದಶಕದ ಕೊನೆಯಲ್ಲಿ. ಕೆಲವೇ ವರ್ಷಗಳಲ್ಲಿ ಅದು ಮರುಭೂಮಿಯ ಬೆಟ್ಟದ ಮೇಲೆ, ಬ್ರೌನ್ ಅವರ ಮೇಜಿನ ಮೇಲೆ ಇತ್ತು.

ಇನ್ನೊಂದು ವಸ್ತು ಬೆರಳುದ್ದಕ್ಕಿಂತಲೂ ಚಿಕ್ಕದು: ಮಣ್ಣಿನ ಹೊಗೆ ಕೊಳವೆಯ ತುಂಡು. ಸುಟ್ಟ ಜೇಡಿಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಸೇದುವವರ ಎಂಜಲನ್ನು ಅವು ಹೀರಿಕೊಳ್ಳುತ್ತವೆ. ಆ ತುಂಡಿನಿಂದ ಡಿಎನ್ಎ ತೆಗೆದು ಪರೀಕ್ಷಿಸಿದಾಗ, ಅದನ್ನು ಸೇದಿದ್ದು ಒಬ್ಬ ಹೆಂಗಸು ಎಂದು ತಿಳಿದುಬಂತು. ಗಂಡಸರದ್ದೇ ಸಾಮ್ರಾಜ್ಯ ಎಂದುಕೊಂಡಿದ್ದ ಜಾಗದಲ್ಲಿ ಒಬ್ಬಳು ಕುಳಿತು ಹೊಗೆ ಬಿಡುತ್ತಿದ್ದಳು. ಹೆಸರು ಸಿಗಲಿಲ್ಲ. ಡಿಎನ್ಎ ಪರೀಕ್ಷೆಗೆ ಕೊಡುವ ವಸ್ತುವನ್ನು ಬರಿಗೈಯಲ್ಲಿ ಮುಟ್ಟಿದರೆ ಮುಟ್ಟಿದವರ ಡಿಎನ್ಎಯೂ ಅದರೊಂದಿಗೆ ಸೇರಿಬಿಡುತ್ತದೆ. ಕೈಗವಸು ಹಾಕಿಕೊಳ್ಳಿ ಎಂದು ಶಿಬಿರಗಳಲ್ಲಿ ಗದರಿಸುವುದು ಸುಮ್ಮನೆ ಅಲ್ಲ.

ಗಣಿಯೂರಿನಲ್ಲಿ ಕೈಗವಸಿಗೆ ಮತ್ತೊಂದು ಕಾರಣವೂ ಇದೆ. ಕಾಮ್‌ಸ್ಟಾಕ್ ಅದಿರನ್ನು ಪುಡಿಮಾಡಿ, ಬೆಳ್ಳಿಯನ್ನು ಪಾದರಸಕ್ಕೆ ಅಂಟಿಸಿ ಬೇರ್ಪಡಿಸುತ್ತಿದ್ದರು. ಹಾಗೆ ಸೋರಿಹೋದ ಪಾದರಸ ಸಾವಿರಾರು ಟನ್. ಕೆಳಗಿನ ಕಾರ್ಸನ್ ನದಿಯ ಕಣಿವೆ ಇಂದಿಗೂ ಅಮೆರಿಕ ಸರ್ಕಾರದ ವಿಷಕಲುಷಿತ ತಾಣಗಳ ಪಟ್ಟಿಯಲ್ಲಿದೆ. ಅಂಥ ಕಡೆಯ ಉತ್ಖನನದಲ್ಲಿ ದೂಳು ಏಳದಂತೆ ನೋಡಿಕೊಳ್ಳುವುದೂ ಊಟಕ್ಕೆ ಮುಂಚೆ ಕೈ ಉಜ್ಜಿ ತೊಳೆಯುವುದೂ ಪಾಠದ ಭಾಗ.

ಅಗೆದ ಕೆಲವು ವಾರಗಳ ಬೆನ್ನಿಗೇ ತೊಳೆಯುವ, ಎಣಿಸುವ, ಚೀಟಿ ಬರೆಯುವ ತಿಂಗಳುಗಳು ಕಾದಿರುತ್ತವೆ. ಅದನ್ನು ಕೇಳಿ ಈ ವಿದ್ಯೆಯ ಆಸೆ ಬಿಟ್ಟವರೂ ಇರಬಹುದು. ಅಷ್ಟರಲ್ಲಿ ಗುಂಡಿಯನ್ನಂತೂ ಮುಚ್ಚಬೇಕು. ಮುಚ್ಚುವ ಮೊದಲು ತಳದಲ್ಲಿ ಹಾಳೆಯೊಂದನ್ನು ಹಾಸಿ, ಆ ವರ್ಷದ ಹೊಸ ನಾಣ್ಯವೊಂದನ್ನು ಇಡುವ ರೂಢಿ ಎಷ್ಟೋ ಉತ್ಖನನ ತಂಡಗಳಲ್ಲಿದೆ. ಮುಂದೆ ಯಾರಾದರೂ ಅಲ್ಲಿಯೇ ಹೆರೆಯುತ್ತ ಇಳಿದು ಆ ನಾಣ್ಯವನ್ನು ಕಂಡರೆ, ಇಲ್ಲಿಯವರೆಗಿನ ಮಣ್ಣನ್ನು ಯಾರೋ ಆಗಲೇ ಜರಡಿ ಹಿಡಿದಿದ್ದಾರೆ ಎಂದು ಅವರಿಗೆ ತಿಳಿಯುತ್ತದೆ. ಯಾವ ವರ್ಷ ಎಂಬುದೂ ತಿಳಿಯುತ್ತದೆ.