ಮನೆಯಡಿಯ ಕ್ರಾಲ್ ಸ್ಪೇಸ್: ಏನದು, ಯಾಕೆ ಬೇಕು?

ಅಮೆರಿಕದ ನಾರ್ತ್ ಕ್ಯಾರೊಲಿನಾ, ಟೆನೆಸ್ಸಿ ಕಡೆ ಮನೆ ಕೊಳ್ಳುವವರಿಗೆ ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ (ಕೊಳ್ಳುವ ಮುಂಚೆ ಮನೆ ಪರೀಕ್ಷಿಸಿ ಕೊಡುವ ವರದಿ) ಈ ಹೆಸರು ಎಷ್ಟೋ ಸಲ ಸಿಗುತ್ತದೆ. ಮನೆಯ ಮರದ ನೆಲಕ್ಕೂ ಕೆಳಗಿನ ಮಣ್ಣಿಗೂ ನಡುವೆ ಬಿಟ್ಟಿರುವ ತಗ್ಗು ಜಾಗವೇ ಕ್ರಾಲ್ ಸ್ಪೇಸ್. ಎದ್ದು ನಿಲ್ಲಲು ಆಗುವುದಿಲ್ಲ, ತೆವಳಿಕೊಂಡೇ ಹೋಗಬೇಕು. ನೆಲ ಹೊರುವ ಮಾಮೂಲಿ ಮರದ ತೊಲೆಗಳು ಮಣ್ಣಿನಿಂದ 18 ಇಂಚಾದರೂ ಮೇಲಿರಬೇಕು ಅನ್ನುತ್ತದೆ ಅಲ್ಲಿನ ಕಟ್ಟಡ ನಿಯಮ. ಅದಕ್ಕಿಂತ ಕೆಳಗಿಳಿದರೆ ಕೊಳೆಯದಂತೆ ಔಷಧಿ ಹಾಕಿದ ಮರ ಬೇಕು.

ನಮ್ಮ ಕಡೆ ಪಾಯ ಕಟ್ಟಿ, ಒಳಗೆ ಮಣ್ಣು ತುಂಬಿ, ಗಟ್ಟಿ ಮಾಡಿ, ಮೇಲೆ ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸುತ್ತಾರೆ. ಆಮೇಲೆ ಒಳಗಿನ ಪೈಪ್ ಸೋರಿದರೆ ನೆಲ ಒಡೆಯುವುದೇ ಗತಿ. ಕ್ರಾಲ್ ಸ್ಪೇಸ್ ಇದ್ದರೆ ನೀರಿನ ಪೈಪು, ಎಸಿ ಗಾಳಿ ಸಾಗಿಸುವ ಡಕ್ಟು, ವೈರು ಎಲ್ಲ ಕೆಳಗೇ ಇರುತ್ತವೆ, ಪ್ಲಂಬರ್ ನುಸುಳಿ ರಿಪೇರಿ ಮಾಡುತ್ತಾನೆ. ಇಳಿಜಾರು ಸೈಟಿನಲ್ಲೂ ಇದು ಅನುಕೂಲ, ಜಾಗ ಪೂರ್ತಿ ಸಮತಟ್ಟು ಮಾಡಬೇಕಿಲ್ಲ. ಇನ್ನು ಉತ್ತರದ ಚಳಿ ರಾಜ್ಯಗಳಲ್ಲಿ ಮಣ್ಣು ತುಂಬಾ ಆಳದವರೆಗೆ ಹೆಪ್ಪುಗಟ್ಟುವುದರಿಂದ ಪಾಯವನ್ನೂ ಆಳಕ್ಕೇ ತೆಗೆಯಬೇಕು, ಹೇಗೂ ಅಷ್ಟು ಅಗೆದಾಯಿತಲ್ಲ ಅಂತ ಅಲ್ಲಿ ಬೇಸ್‌ಮೆಂಟೇ (ನೆಲಮಾಳಿಗೆ) ಜಾಸ್ತಿ.

ಕ್ರಾಲ್ ಸ್ಪೇಸಿನ ದೊಡ್ಡ ತಲೆನೋವು ತೇವ. ಹಿಂದಿನಿಂದಲೂ ಸುತ್ತಲಿನ ಗೋಡೆಯಲ್ಲಿ ಗಾಳಿಕಿಂಡಿ ಬಿಡುತ್ತಿದ್ದರು, ಗಾಳಿ ಆಡಿದರೆ ಒಣಗುತ್ತದೆ ಅಂತ. ಕೇಳಲು ಸರಿಯಾಗೇ ಇದೆ ಅಲ್ವಾ? ಆದರೆ ಸೆಕೆಗಾಲದಲ್ಲಿ ಆಗುವುದು ಉಲ್ಟಾ. ಹೊರಗಿನ ಬಿಸಿ, ತೇವದ ಗಾಳಿ ಒಳಗೆ ಬಂದು ತಣ್ಣಗಿರುವ ಡಕ್ಟಿಗೆ, ತೊಲೆಗೆ ತಾಗಿದ ಕೂಡಲೇ ನೀರಾಗಿ ಕೂರುತ್ತದೆ. ಆಮೇಲೆ ಬೂಷ್ಟು, ಮರ ಕೊಳೆಯುವುದು, ಗೆದ್ದಲು. ಕೆಳಗಿನ ಗಾಳಿ ಸಂದುಗಳಿಂದ ಮೇಲೇರಿ ಮನೆಯೊಳಗೂ ಬರುವುದರಿಂದ ವಾಸನೆ ನಿಮಗೂ ತಪ್ಪುವುದಿಲ್ಲ. ಕೆಲವು ಕಡೆ ಮಣ್ಣಿನಿಂದ ಹೊರಡುವ ರೇಡಾನ್ ಅನ್ನುವ ವಿಕಿರಣ ಸೂಸುವ ಅನಿಲವೂ ಇದೇ ದಾರಿ ಹಿಡಿಯುತ್ತದೆ.

ಅದಕ್ಕೇ ಈಗ ಸುಮಾರು ಜನ ಕಿಂಡಿ ಮುಚ್ಚಿ, ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಗೋಡೆಗೂ ಏರಿಸಿ ಅಂಟಿಸಿ, ಗಾಳಿಯ ತೇವ ಹೀರುವ ಡೀಹ್ಯುಮಿಡಿಫೈಯರ್ ಇಡುತ್ತಾರೆ. ಇದಕ್ಕೆ ಎನ್‌ಕ್ಯಾಪ್ಸುಲೇಷನ್ ಅನ್ನುತ್ತಾರೆ. ಖರ್ಚಿನ ಕೆಲಸ, ಆದರೆ ತೇವದ ಊರುಗಳಲ್ಲಿ ಮಾಡಿಸುವುದೇ ಒಳ್ಳೆಯದು ಅನ್ನಿಸುತ್ತದೆ ನನಗೆ. ಹಾಗಂತ ಮಳೆನೀರು ಒಳಗೆ ನುಗ್ಗುತ್ತಿರುವಾಗಲೇ ಪ್ಲಾಸ್ಟಿಕ್ ಹಾಸಿದರೆ ಸುಮ್ನೆ ದುಡ್ಡು ದಂಡ, ಮೊದಲು ನೀರು ಮನೆಯಿಂದ ದೂರ ಹರಿಯುವಂತೆ ಮಾಡಬೇಕು.

ಮನೆ ಕೊಳ್ಳುವ ಮುಂಚೆ ಇನ್‌ಸ್ಪೆಕ್ಟರ್ ಹತ್ತಿರ ಅಲ್ಲಿನ ಫೋಟೋ ಕೇಳಿ. ಹಾಳೆ ಹರಿದಿದೆಯಾ, ನೆಲದಡಿ ಚಳಿ, ಸೆಕೆ ತಡೆಯಲು ಹಾಕಿದ ಇನ್ಸುಲೇಷನ್ ಜೋತುಬಿದ್ದಿದೆಯಾ, ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಇದೆಯಾ, ಇಷ್ಟಾದರೂ ನೋಡಿಕೊಳ್ಳಿ.