ಓದುಗರ ಪ್ರಶ್ನೆ: ಕುಯ್ಲು, ಕೂಲಿ ಬಟವಾಡೆ, ಮನೆವಾರ್ತೆಗಳ ನಡುವೆ ಕಥೆ ಬರೆಯಲು ಹೊತ್ತು ಎಲ್ಲಿಂದ ತರಲಿ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಬೆಳಿಗ್ಗೆ ಹಾಜರಿ ಹಿಡಿಯುವುದರಿಂದ ಶುರುವಾಗುವ ದಿನ ಸಂಜೆ ಲೆಕ್ಕ ಮುಗಿಯುವವರೆಗೂ ಬಿಡುವು ಕೊಡುವುದಿಲ್ಲ. ಮನೆಯಲ್ಲಿ ವಯಸ್ಸಾದ ಅಮ್ಮ, ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಹತ್ತು ವರ್ಷಗಳಲ್ಲಿ ಆರು ಕಥೆಗಳನ್ನು ಬರೆದಿದ್ದೇನೆ. ಏಳನೆಯದು ಅರ್ಧಕ್ಕೆ ನಿಂತಿದೆ. ಇವುಗಳನ್ನು ನಾನೇ ಪುಸ್ತಕವಾಗಿ ತರಬೇಕೆಂಬ ಆಸೆ. ಬರೆಯುವುದಕ್ಕೂ ಅಚ್ಚು ಹಾಕಿಸುವುದಕ್ಕೂ ಸಮಯ ಹೊಂದಿಸುವುದು ಹೇಗೆ?

ಉತ್ತರ: ಇದೇ ಪ್ರಶ್ನೆಯನ್ನು ಹಾಸನದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್ ಒಬ್ಬರು ಕೇಳಿದ್ದಾರೆ, ಕಡೂರಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡವರು ಕೇಳಿದ್ದಾರೆ, ಚಿಕ್ಕಮಗಳೂರಿನಲ್ಲಿ ನನ್ನ ಜೊತೆ ಪ್ರೌಢಶಾಲೆಯಲ್ಲಿ ಪಾಠ ಮಾಡುವ ಉಪಾಧ್ಯಾಯಿನಿಯರೂ ಕೇಳಿದ್ದಾರೆ. ಶಾಲೆಯ ಕೆಲಸದ ಜೊತೆಯಲ್ಲೇ ಕಥೆ ಬರೆದು, ಒಂದು ಸಂಕಲನವನ್ನು ಕೈಯಿಂದ ಹಣ ಹಾಕಿ ಪ್ರಕಟಿಸಿದವನಾಗಿ ನಾನು ಕಂಡುಕೊಂಡದ್ದು ಇಷ್ಟು: ನಮ್ಮ ಸೀಮೆಯವರು ಬರವಣಿಗೆಯ ಕಾಲವನ್ನು ದಿನದ ಲೆಕ್ಕದಲ್ಲಿ ಹುಡುಕದೆ ವರ್ಷದ ಲೆಕ್ಕದಲ್ಲಿ ಹುಡುಕಬೇಕು, ಮತ್ತು ಬರೆಯುವ ತಿಂಗಳುಗಳನ್ನೂ ಪುಸ್ತಕ ಮಾಡುವ ತಿಂಗಳುಗಳನ್ನೂ ಒಂದರೊಳಗೊಂದು ಬೆರೆಯಲು ಬಿಡಬಾರದು.

ಪ್ರತಿದಿನ ಒಂದು ಗಂಟೆ ತೆಗೆದಿಟ್ಟು ತಪ್ಪದೆ ಬರೆಯಿರಿ ಎಂಬ ಸಲಹೆಯನ್ನು ನೀವು ಕೇಳಿರುತ್ತೀರಿ. ವರ್ಷವಿಡೀ ಒಂದೇ ಹದದಲ್ಲಿ ಸಾಗುವ ಕೆಲಸದವರಿಗೆ ಅದು ಒಳ್ಳೆಯ ಸಲಹೆಯೇ. ಆದರೆ ತೋಟದ ಕೆಲಸಕ್ಕೆ ಋತುಗಳಿವೆ. ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೊಬಸ್ಟಾ, ಕಣದಲ್ಲಿ ಹರಡಿದ ಕಾಫಿಯನ್ನು ಕಾಯುವ ಚಿಂತೆ, ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುವುದು, ಮಳೆ ತಡವಾದರೆ ಸ್ಪ್ರಿಂಕ್ಲರ್ ಓಡಿಸುವ ಗಡಿಬಿಡಿ. ಈ ತಿಂಗಳುಗಳಲ್ಲಿ ದಿನಕ್ಕೊಂದು ಗಂಟೆಯ ಸಂಕಲ್ಪ ತೊಟ್ಟವರು ಎರಡನೆಯ ವಾರಕ್ಕೇ ಸೋಲುತ್ತಾರೆ. ಸೋತ ಮೇಲೆ ತನಗೆ ಬರೆಯುವ ಯೋಗ್ಯತೆಯೇ ಇಲ್ಲವೆಂದು ಇಡೀ ವರ್ಷವನ್ನು ಕೈಬಿಡುತ್ತಾರೆ. ಕೆಟ್ಟದ್ದು ಸಂಕಲ್ಪದ ತಿಂಗಳೇ ಹೊರತು ಬರೆಯುವವರ ಯೋಗ್ಯತೆಯಲ್ಲ. ಜೂನ್‌ನಲ್ಲಿ ಮಳೆ ಹಿಡಿದುಕೊಂಡ ನಂತರ ಕಳೆ, ಗೊಬ್ಬರ, ನೆರಳು ಮರಗಳ ಕೊಂಬೆ ಕಡಿಯುವ ಮರಗಸಿ ಎಂದು ಕೆಲಸವಿದ್ದರೂ ಸಂಜೆಗಳು ಉದ್ದವಾಗುತ್ತವೆ, ಹೊರಗಿನ ಓಡಾಟ ತಾನಾಗಿ ಕಡಿಮೆಯಾಗುತ್ತದೆ. ನಿಮ್ಮ ಬರವಣಿಗೆಯ ಕಾಲ ಅದೇ. ಉಪಾಧ್ಯಾಯರಿಗೆ ಅದು ಏಪ್ರಿಲ್ ಮೇ ತಿಂಗಳ ರಜೆ ಮತ್ತು ದಸರಾ ರಜೆ. ಅಂಗಡಿಯವರಿಗೆ ಹಬ್ಬ, ಮದುವೆಗಳಿಲ್ಲದ ತಿಂಗಳುಗಳು. ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಯಾವ ತಿಂಗಳಲ್ಲಿ ನೀವು ನಿಜವಾಗಿ ಕುಳಿತುಕೊಳ್ಳಬಲ್ಲಿರಿ ಎಂಬುದನ್ನು ಗುರುತು ಹಾಕಿ.

ಹೀಗೆ ಗುರುತು ಹಾಕಿದ ಮೂರು ತಿಂಗಳಲ್ಲಿ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಮುಕ್ಕಾಲು ಗಂಟೆ ಕುಳಿತು 250 ಪದ ಬರೆದರೆ, ಹನ್ನೆರಡು ವಾರಕ್ಕೆ 9,000 ಪದಗಳಾಗುತ್ತವೆ. ಕಥೆ ಪುಸ್ತಕಗಳಿಗೆ ಸಾಮಾನ್ಯವಾಗಿ ಬಳಸುವ ಡೆಮಿ ಅಳತೆಯ ಪುಟವೊಂದರಲ್ಲಿ 200ರಿಂದ 250 ಕನ್ನಡ ಪದ ಹಿಡಿಸುತ್ತವೆ ಎಂದುಕೊಂಡರೆ, ಇದು ಹತ್ತಿರ ಹತ್ತಿರ ನಲವತ್ತು ಪುಟ. ಎಂದರೆ ಎರಡು ಮೂರು ಕಥೆ. ಹತ್ತು ವರ್ಷಕ್ಕೆ ಆರು ಕಥೆ ಬರೆದವರಿಗೆ ಇದು ದೊಡ್ಡ ಬೆಳೆ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದದ್ದೇ ಆದ್ದರಿಂದ ಮೊದಲ ಕರಡನ್ನು ಕೈಬರಹದಲ್ಲೇ ಬರೆಯುವುದು ಮೇಲು ಎಂಬುದು ನನ್ನ ಅನುಭವ.

ಉಳಿದ ತಿಂಗಳುಗಳಲ್ಲಿ ಕಥೆಯ ಎಳೆ ಕೈತಪ್ಪದಂತೆ ನೋಡಿಕೊಂಡರೆ ಸಾಕು. ನಮ್ಮ ತೋಟಗಳಲ್ಲಿ ಲೆಕ್ಕ ಬರೆಯುವವರನ್ನು ರೈಟರು ಎಂದೇ ಕರೆಯುವ ರೂಢಿ ನನಗೆ ಯಾವಾಗಲೂ ಅರ್ಥಪೂರ್ಣವಾಗಿ ಕಂಡಿದೆ. ಜ್ವರವಿದ್ದರೂ ನೀವು ಹಾಜರಿ ಪುಸ್ತಕದ ಒಂದು ದಿನವನ್ನೂ ಖಾಲಿ ಬಿಟ್ಟವರಲ್ಲ. ಅದೇ ಶಿಸ್ತಿನಲ್ಲಿ ಇನ್ನೊಂದು ಸಣ್ಣ ಪುಸ್ತಕವನ್ನು ಜೇಬಿನಲ್ಲಿಟ್ಟು ದಿನಕ್ಕೆ ಎರಡೇ ಸಾಲು ಬರೆಯಿರಿ: ಹಣ್ಣಿನ ತೂಕ ಹಾಕಿಸುವಾಗ ಯಾರೋ ಆಡಿದ ಮಾತು, ಬಟವಾಡೆಯ ದಿನ ಸಂತೆಗೆ ಹೊರಟವರ ಮುಖದಲ್ಲಿ ಕಂಡದ್ದು, ಅಮ್ಮ ಹೇಳಿದ ಹಳೆಯ ಒಂದು ಹೆಸರು. ಒಬ್ಬರೇ ನಡೆದು ಬರುವಾಗ ಫೋನಿಗೆ ಕನ್ನಡದಲ್ಲೇ ಹೇಳಿ ಬರೆಸಿಕೊಳ್ಳಲೂ ಈಗ ಅನುಕೂಲವಿದೆ. ಇವು ಕಥೆಗಳಾಗಿರಬೇಕಾಗಿಲ್ಲ. ಜೂನ್‌ನಲ್ಲಿ ಕುಳಿತಾಗ ಬರಿಯ ಹಾಳೆಯ ಮುಂದೆ ಕುಳಿತಂತಾಗಬಾರದು, ಅಷ್ಟೆ. ಇದರ ಜೊತೆಗೆ ಪ್ರತಿಸಲ ಬರೆದು ಏಳುವಾಗ, ಮುಂದೆ ಏನು ಬರಬೇಕೆಂಬುದನ್ನು ಒಂದು ವಾಕ್ಯದಲ್ಲಿ ಗುರುತು ಹಾಕಿಯೇ ಏಳಿ. ನಿಮ್ಮ ಏಳನೆಯ ಕಥೆ ಅರ್ಧಕ್ಕೆ ನಿಂತದ್ದು ಆ ಒಂದು ವಾಕ್ಯ ಇಲ್ಲದ್ದರಿಂದ ಇರಬಹುದು.

ಹಾಸನದ ವಕೀಲೆ ಬಾನು ಮುಷ್ತಾಕ್ ಅವರ ಉದಾಹರಣೆಯನ್ನು ಇಲ್ಲಿ ಹೇಳಲೇಬೇಕು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಅವರ ಅನುವಾದಿತ ಸಂಕಲನದಲ್ಲಿ ಇರುವುದು 12 ಕಥೆಗಳು. ಅವನ್ನು ಆರಿಸಿಕೊಂಡದ್ದು 1990ರಿಂದ 2023ರವರೆಗೆ ಬರೆದ ಕಥೆಗಳಿಂದ. ವಕೀಲಿ, ಪತ್ರಿಕಾ ಕೆಲಸ, ನಗರಸಭೆಯ ಸದಸ್ಯತ್ವ, ಹೋರಾಟ, ಸಂಸಾರ ಎಲ್ಲದರ ನಡುವೆ ಬರೆದವು ಅವು. ಪ್ರಶಸ್ತಿಯ ಆಸೆ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಹತ್ತು ವರ್ಷಕ್ಕೆ ಆರು ಕಥೆ ಎಂಬುದನ್ನು ನೀವು ಸಂಕೋಚದಿಂದ ಬರೆದಿರುವಂತೆ ತೋರಿತು. ಆ ಸಂಕೋಚಕ್ಕೆ ಕಾರಣವಿಲ್ಲ.

ನಿದ್ದೆಯನ್ನು ಕದ್ದು ಬರೆಯಬೇಡಿ. ನಾನು ಒಂದು ವರ್ಷ ರಾತ್ರಿ ಒಂದು ಗಂಟೆಯವರೆಗೆ ಕುಳಿತು ಬರೆದೆ; ಬೆಳಗಿನ ತರಗತಿಗಳು ಹಾಳಾದವು, ಆ ವರ್ಷದ ಕಥೆಗಳನ್ನೆಲ್ಲ ಮತ್ತೆ ಬರೆಯಬೇಕಾಯಿತು. ಅದಕ್ಕಿಂತ ಮನೆಯವರಿಗೆ ಬಾಯಿಬಿಟ್ಟು ಹೇಳಿ, ಮಂಗಳವಾರ, ಗುರುವಾರ, ಭಾನುವಾರ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತು ನನ್ನನ್ನು ಕರೆಯಬೇಡಿ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅಮ್ಮನ ಮಾತ್ರೆಯ ಹೊತ್ತು, ಮಕ್ಕಳ ಪಾಠದ ಹೊತ್ತು ಬಿಟ್ಟು ಆ ವೇಳೆಯನ್ನು ಆರಿಸಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ. ಮನೆಯ ಹೆಂಗಸರು ಬರೆಯುವವರಾಗಿದ್ದರೆ ಇದೇ ಮಾತನ್ನು ಮನೆಯ ಗಂಡಸರೇ ಮೊದಲು ಹೇಳಬೇಕು. ಕೇಳಿಕೊಳ್ಳುವ ಕಷ್ಟವನ್ನು ಅವರ ಮೇಲೆ ಹೊರಿಸಬಾರದು.

ಇನ್ನು ಪುಸ್ತಕ. ಸ್ವಂತ ಪ್ರಕಟಣೆ ಎಂದರೆ ಬೇರೆ ಪ್ರಕಾಶಕರು ಒಪ್ಪದ ಪುಸ್ತಕ ಎಂಬ ಭಾವನೆ ಇದ್ದರೆ ಬಿಟ್ಟುಬಿಡಿ. ನಮ್ಮದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಅನೇಕ ಕೃತಿಗಳು ಹೊರಬಂದದ್ದು ಅವರ ಮೈಸೂರಿನ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ. ಅವರಿಗಿಂತ ಹಿಂದೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆದರೆ ಆರು ಕಥೆಗಳನ್ನು ಪುಸ್ತಕಕ್ಕೆ ಇಳಿಸುವ ಮೊದಲು ಎರಡು ಮೂರನ್ನಾದರೂ ವಾರಪತ್ರಿಕೆಗಳಿಗೆ, ದೀಪಾವಳಿ ವಿಶೇಷಾಂಕಗಳಿಗೆ ಕಳಿಸಿ ನೋಡಿ. ನಿಮ್ಮನ್ನು ಮೆಚ್ಚಿಸುವ ಹಂಗಿಲ್ಲದ ಇಬ್ಬರಿಂದ ಓದಿಸಿ.

ಪುಸ್ತಕ ಮಾಡುವ ಕೆಲಸಕ್ಕೆ ಆರು ತಿಂಗಳನ್ನು ಬೇರೆಯಾಗಿಯೇ ಇಡಿ. ಫೋನ್ ಮಾಡುವುದು, ದರ ಕೇಳುವುದು, ಅರ್ಜಿ ತುಂಬುವುದು ಇವೆಲ್ಲ ದಣಿದ ಹೊತ್ತಿನಲ್ಲೂ ಆಗುವ ಕೆಲಸಗಳು; ಕಥೆ ಬರೆಯುವುದು ಹಾಗಲ್ಲ. ಎರಡನ್ನೂ ಒಟ್ಟಿಗೆ ಹಿಡಿದರೆ ಸುಲಭವಾದ ಈ ಕೆಲಸಗಳೇ ಬರೆಯುವ ಹೊತ್ತನ್ನೆಲ್ಲ ತಿಂದುಹಾಕುತ್ತವೆ. ಹಸ್ತಪ್ರತಿ ಸಿದ್ಧವಾದ ಕೂಡಲೆ ಮಾಡಬೇಕಾದದ್ದು ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಅರ್ಜಿ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಈ 13 ಅಂಕಿಯ ಸಂಖ್ಯೆಯನ್ನು ಆನ್‌ಲೈನ್ ಅರ್ಜಿಯ ಮೂಲಕ ಉಚಿತವಾಗಿ ಕೊಡುತ್ತದೆ. ಲೇಖಕರೇ ಪ್ರಕಾಶಕರಾಗಿಯೂ ಪಡೆಯಬಹುದು. ಇದನ್ನು ಕೊಡಿಸುವುದಕ್ಕೆಂದು ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಕೊಡುವ ಅಗತ್ಯವಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯೊಂದನ್ನು ನಡೆಸುತ್ತದೆ. ವಯಸ್ಸಿನ ಮಿತಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ಕರಡು ತಿದ್ದುವುದಕ್ಕೆ. ಇಲ್ಲಿ ನಾನು ಪಟ್ಟ ಕಷ್ಟವನ್ನು ಹೇಳುತ್ತೇನೆ. ನಾನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಡಿಟಿಪಿಯವರು ಯೂನಿಕೋಡ್ ಎಂಬ ಇನ್ನೊಂದು ಅಕ್ಷರ ಸಂಕೇತಕ್ಕೆ ಬದಲಾಯಿಸಿ ಪುಟ ಕಟ್ಟಿದರು. ಬದಲಾಯಿಸುವ ಮೊದಲೇ ಎರಡು ಸಲ ತಿದ್ದಿದ್ದೆನೆಂಬ ಧೈರ್ಯದಲ್ಲಿ ನಾನು ಕಟ್ಟಿದ ಪುಟಗಳನ್ನು ಮೇಲೆ ಮೇಲೆ ನೋಡಿ ಒಪ್ಪಿಗೆ ಕೊಟ್ಟೆ. ಪುಸ್ತಕ ಕೈಗೆ ಬಂದಾಗ ಅರ್ಕಾವತ್ತು ಇರಬೇಕಾದ ಹಲವು ಕಡೆ ಅದು ಮಾಯವಾಗಿತ್ತು, ಕೆಲವೆಡೆ ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಜಿಗಿದಿತ್ತು. 500 ಪ್ರತಿಗಳಿಗೆ ತಪ್ಪೋಲೆಯ ಚೀಟಿ ಅಂಟಿಸುತ್ತ ಮನೆಯವರೆಲ್ಲ ಎರಡು ಭಾನುವಾರ ಕುಳಿತೆವು. ಆದ್ದರಿಂದ ಪುಟ ಕಟ್ಟಿದ ನಂತರದ ಪಿಡಿಎಫ್ ಅನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಒಂದು ಸಲ ನೀವೂ ಒಂದು ಸಲ ಇನ್ನೊಬ್ಬರೂ, ಸಾಧ್ಯವಾದರೆ ಗಟ್ಟಿಯಾಗಿ ಓದಿ ತಿದ್ದಿ. ದಿನಕ್ಕೆ ಹತ್ತು ಪುಟಕ್ಕಿಂತ ಹೆಚ್ಚು ಬೇಡ. ಆಮೇಲೆ ಕಣ್ಣು ಅಚ್ಚಿನಲ್ಲಿರುವುದನ್ನು ಬಿಟ್ಟು ಮನಸ್ಸಿನಲ್ಲಿರುವುದನ್ನು ಓದತೊಡಗುತ್ತದೆ. ಹೊದಿಕೆಯ ಚಿತ್ರವನ್ನು ಪುಟಗಳ ಸಂಖ್ಯೆ ನಿಗದಿಯಾದ ಮೇಲೆಯೇ ಅಂತಿಮಗೊಳಿಸಿ, ಏಕೆಂದರೆ ಬೆನ್ನಿನ ದಪ್ಪ ಅದರ ಮೇಲೆ ನಿಂತಿರುತ್ತದೆ.

ಪುಟಗಳನ್ನು ಫಾರಂ, ಎಂದರೆ ಒಟ್ಟಿಗೆ ಅಚ್ಚಾಗುವ 16 ಪುಟಗಳ ಲೆಕ್ಕದಲ್ಲಿ ಕೂಡಿಸಿದರೆ ಕಾಗದ ವ್ಯರ್ಥವಾಗುವುದಿಲ್ಲ. 128 ಪುಟವೆಂದರೆ ಸರಿಯಾಗಿ ಎಂಟು ಫಾರಂ. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟಿನ ಖರ್ಚು ಮೊದಲೇ ಬೀಳುವುದರಿಂದ 500, 1,000 ಪ್ರತಿ ಹಾಕಿಸಿದರೆ ಮಾತ್ರ ಒಂದೊಂದು ಪ್ರತಿ ಅಗ್ಗವಾಗುತ್ತದೆ. ಡಿಜಿಟಲ್ ಮುದ್ರಣದಲ್ಲಿ ಪ್ರತಿಯ ದರ ಹೆಚ್ಚಾದರೂ 50, 100 ಪ್ರತಿ ಹಾಕಿಸಬಹುದು. ಮೊದಲ ಪುಸ್ತಕಕ್ಕೆ ನಾನು 100 ಪ್ರತಿಯನ್ನೇ ಸೂಚಿಸುತ್ತೇನೆ; ಮಲೆನಾಡಿನ ಮಳೆಗಾಲದಲ್ಲಿ ಮನೆಯೊಳಗೆ ಮಾರಾಟವಾಗದೆ ಉಳಿದ 900 ಪುಸ್ತಕಗಳನ್ನು ಬೂಷ್ಟು ಹಿಡಿಯದಂತೆ ಕಾಪಾಡುವುದು ಹಗುರವಾದ ಕೆಲಸವಲ್ಲ. ಬೆಲೆ ಇಡುವಾಗ ಅಂಗಡಿಯವರ ಕಮಿಷನ್ ಮರೆಯಬೇಡಿ. ಉದಾಹರಣೆಗೆ, ಪ್ರತಿಗೆ 80 ರೂಪಾಯಿ ಖರ್ಚಾಗಿ ನೀವು 160 ರೂಪಾಯಿ ಬೆಲೆ ಇಟ್ಟಿರೆಂದುಕೊಳ್ಳಿ, ಮಾರುವವರು ಶೇ. 40 ಹಿಡಿದರೆ ನಿಮ್ಮ ಕೈಗೆ ಬರುವುದು 96, ಉಳಿಯುವುದು 16. ಅಂಚೆಯ ಖರ್ಚು ಅದರೊಳಗೇ ಬರಬೇಕು. ಅಚ್ಚಾದ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಆದರೆ ಮುದ್ರಣದ ಬಿಲ್ಲಿನಲ್ಲಿ ತೆರಿಗೆ ಸೇರುತ್ತದೆಯೇ ಎಂದು ದರ ಕೇಳುವಾಗಲೇ ಕೇಳಿ. ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗಾಗಿ ಜ್ಞಾನ ಪೋಸ್ಟ್ ಎಂಬ ಕಡಿಮೆ ದರದ ಸೇವೆ ಆರಂಭಿಸಿದೆ. ನಿಮ್ಮ ಪುಸ್ತಕ ಅದರ ನಿಯಮಗಳಿಗೆ ಹೊಂದುತ್ತದೆಯೇ ಎಂದು ಅಂಚೆ ಕಚೇರಿಯಲ್ಲಿ ವಿಚಾರಿಸಿ. ಇ-ಪುಸ್ತಕವನ್ನು ಆಮೇಲೆ ಯೋಚಿಸಬಹುದು.

ಹಣ ಪಡೆದು ಪುಸ್ತಕ ಮಾಡಿಕೊಡುವವರ ಜೊತೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಿಧಾನವಾಗಿ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಆ ಹಕ್ಕನ್ನು ವರ್ಗಾಯಿಸಲು ಲಿಖಿತ ಪತ್ರ ಬೇಕು, ಅದರಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದು ಕಾಯ್ದೆ ಎಣಿಸುತ್ತದೆ. ಮುದ್ರಣದ ಖರ್ಚನ್ನು ನೀವೇ ಕೊಡುವಾಗ ಹಕ್ಕನ್ನೂ ಕೊಟ್ಟುಬಿಡುವುದಕ್ಕೆ ಯಾವ ಕಾರಣವೂ ಇಲ್ಲ. ಸರ್ಕಾರಿ ನೌಕರಿಯಲ್ಲಿರುವ ಓದುಗರು ತಮ್ಮ ನಡತೆ ನಿಯಮಗಳನ್ನು ಓದಿಕೊಂಡು ಮೇಲಧಿಕಾರಿಗಳಿಗೆ ಬರಹದಲ್ಲಿ ತಿಳಿಸಿ ಮುಂದುವರಿಯುವುದು ಕ್ಷೇಮ.

ಪುಸ್ತಕ ಬಂದ ಮೂವತ್ತು ದಿನಗಳೊಳಗೆ, ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಇದು ಹೊಸಬರಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ. ಇನ್ನೊಂದು ಪ್ರತಿಯನ್ನು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ನೀವೇ ಹೋಗಿ ಕೊಡಿ. ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳು ಅಲ್ಲಿಗೆ ಬರುತ್ತಾರೆ, ಮತ್ತು ನಿಮ್ಮ ಕಥೆಗಳಲ್ಲಿರುವ ಕಣ, ತಕ್ಕಡಿ, ಹಾಜರಿ ಪುಸ್ತಕಗಳನ್ನು ಅವರಷ್ಟು ಚೆನ್ನಾಗಿ ಬಲ್ಲ ಓದುಗರು ನಿಮಗೆ ಬೇರೆಲ್ಲೂ ಸಿಗುವುದಿಲ್ಲ.