ವಾಚ್ 380 ಕ್ಯಾಲರಿ ಬರ್ನ್ ಆಯ್ತು ಅನ್ನುತ್ತೆ, ಅಷ್ಟನ್ನ ವಾಪಸ್ ತಿನ್ನಬಹುದಾ?

ಪ್ರಶ್ನೆ: ಸರ್, ನನಗೆ 42 ವರ್ಷ, ಹೈಟು 158 ಸೆಂ.ಮೀ., ತೂಕ 72 ಕೆಜಿ. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಒಂದು ಗಂಟೆ ಕೆರೆ ಸುತ್ತ ವಾಕಿಂಗ್ ಮಾಡ್ತಿದೀನಿ. ಆ್ಯಪ್‌ನಲ್ಲಿ ದಿನಕ್ಕೆ 1400 ಕ್ಯಾಲರಿ ಅಂತ ಟಾರ್ಗೆಟ್ ಇದೆ. ವಾಕ್ ಮುಗಿಸಿ ಬಂದ ತಕ್ಷಣ ವಾಚಿಂದ 380 ಸೇರಿಸ್ಕೊಂಡು ಇವತ್ತು 1780 ತಿನ್ನಬಹುದು ಅಂತ ತೋರಿಸುತ್ತೆ. ನಾನೂ ತಿಂತೀನಿ. ಒಂದು ಕೆಜಿನೂ ಇಳಿದಿಲ್ಲ. ತಪ್ಪೆಲ್ಲಿ?

ನೇರವಾಗಿ ಹೇಳ್ಬಿಡ್ತೀನಿ ಮೇಡಂ, ಆ 380 ತಿನ್ಬೇಡಿ. ನೀವು ಕೊಟ್ಟಿರೋ ನಂಬರಲ್ಲೇ ಉತ್ತರ ಇದೆ, ಪೆನ್ನು ಪೇಪರ್ ತಗೊಂಡು ಕೂತ್ರೆ ಐದು ನಿಮಿಷದ ಕೆಲಸ.

ಸುಮ್ನೆ ಮಲಗಿದ್ರೂ ಹೃದಯ, ಮೆದುಳು, ಲಿವರ್ ಅಂತ ಮೈ ಖರ್ಚು ಮಾಡ್ತಾನೇ ಇರುತ್ತಲ್ಲ, ಅದನ್ನ ಅಂದಾಜು ಮಾಡೋಕೆ ಡಯಟಿಷಿಯನ್‌ಗಳು 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಬಳಸ್ತಾರೆ. ತೂಕಕ್ಕೆ 10ರಿಂದ, ಹೈಟಿಗೆ 6.25ರಿಂದ ಗುಣಿಸಿ ಕೂಡಿ, ವಯಸ್ಸನ್ನ 5ರಿಂದ ಗುಣಿಸಿ ಕಳೀರಿ, ಆಮೇಲೆ ಹೆಂಗಸರಾದ್ರೆ 161 ಕಳೀಬೇಕು, ಗಂಡಸರಾದ್ರೆ 5 ಕೂಡ್ಬೇಕು. ನಿಮ್ಮದು 720, 987, ಅದರಲ್ಲಿ 210 ಹೋಯ್ತು, 161 ಹೋಯ್ತು, ಹೆಚ್ಚು ಕಡಿಮೆ 1340. ಕೂತು ಮಾಡೋ ಕೆಲಸ, ಮನೇಲಿ ಅಡುಗೆ, ಸಾಯಂಕಾಲ ಟಿವಿ, ಇಷ್ಟಕ್ಕೆ 1.2ರಿಂದ ಗುಣಿಸಿದ್ರೆ 1600.

ಈಗ ವಾಕಿಂಗ್. 72 ಕೆಜಿ ಇರೋರು ಗಂಟೆಗೆ 5 ಕಿ.ಮೀ. ಸ್ಪೀಡಲ್ಲಿ ಒಂದು ಗಂಟೆ ನಡೆದ್ರೆ 260-280 ಕ್ಯಾಲರಿ ಆಗುತ್ತೆ. ಆದ್ರೆ ಆ ಗಂಟೆ ನೀವು ಸೋಫಾ ಮೇಲೆ ಕೂತಿದ್ರೂ 60-70 ಹೋಗ್ತಿತ್ತು, ಅದು ಮೇಲಿನ 1600ರಲ್ಲಿ ಆಗ್ಲೇ ಸೇರಿದೆ. ಅಂದ್ರೆ ವಾಕಿಂಗಿಂದ ಹೊಸದಾಗಿ ಖರ್ಚಾಗಿದ್ದು ಸುಮಾರು 200, ವಾಚ್ ಹೇಳೋ 380 ಅಲ್ಲ. ದಿನದ ಒಟ್ಟು ಖರ್ಚು 1800, ನೀವು ತಿಂದಿದ್ದು 1780. ಉಳಿದಿದ್ದು 20. ಒಂದು ಟೀ ಚಮಚ ಸಕ್ಕರೆ! ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7700 ಕ್ಯಾಲರಿ, ದಿನಕ್ಕೆ 20ರಂತೆ ಉಳಿಸಿದ್ರೆ ಒಂದು ಕೆಜಿಗೆ ಒಂದು ವರ್ಷದ ಮೇಲೆ ಬೇಕು. ನಿಮ್ಮ ಮೈ ಮೋಸ ಮಾಡ್ತಿಲ್ಲ, ಲೆಕ್ಕ ಸರಿಯಾಗೇ ಇದೆ.

ವಾಚಿನ ವಿಷ್ಯಕ್ಕೆ ಬಂದ್ರೆ, 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯೋರು 60 ಜನರ ಕೈಗೆ ಏಳು ಥರದ ಬ್ಯಾಂಡ್‌ಗಳನ್ನ ಕಟ್ಟಿ ನಡೆಸಿ, ಓಡಿಸಿ ನೋಡಿದ್ರು. ಹಾರ್ಟ್ ರೇಟ್ ಬಹುತೇಕ ಎಲ್ಲವೂ ಚೆನ್ನಾಗೇ ಹೇಳಿದ್ವು. ಕ್ಯಾಲರಿಯಲ್ಲಿ ಮಾತ್ರ ಇದ್ದಿದ್ರಲ್ಲಿ ಒಳ್ಳೇದೂ ಸರಾಸರಿ 27 ಪರ್ಸೆಂಟ್ ತಪ್ಪು, ಕೆಟ್ಟದ್ದು 93 ಪರ್ಸೆಂಟ್ ತಪ್ಪು. ಆಮೇಲೆ ಬಂದ ಮಾಡೆಲ್‌ಗಳು ಸುಧಾರಿಸಿರಬಹುದು, ಆದ್ರೂ ಅದನ್ನ ನಂಬಿ ತಟ್ಟೆಗೆ ಬಡಿಸ್ಕೊಳೋಕೆ ನನಗಂತೂ ಧೈರ್ಯ ಇಲ್ಲ. ಇದರ ಮೇಲೆ ಇನ್ನೊಂದು ಎಡವಟ್ಟು, ಆ್ಯಪ್ ಹಾಕ್ಕೊಂಡಾಗ ಶುರುವಲ್ಲೇ ಎಷ್ಟು ಆ್ಯಕ್ಟಿವ್ ಅಂತ ಕೇಳುತ್ತೆ, ನಾವು ವಾಕಿಂಗ್ ಮಾಡ್ತೀವಲ್ಲ ಅಂತ 'ಮಾಡರೇಟ್' ಒತ್ತಿರ್ತೀವಿ, ಆಮೇಲೆ ಅದೇ ವಾಕಿಂಗನ್ನ ವಾಚ್ ಮತ್ತೆ ತಂದು ಸೇರಿಸುತ್ತೆ. ಒಂದೇ ಬಿಲ್ಲು, ಎರಡು ಸಲ ವಸೂಲಿ.

ನಮ್ಮ ಮೈಸೂರಲ್ಲಿ ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಬೆವರು ಒರೆಸ್ಕೊಂಡು ಕೆಳಗಿಳಿದು ಸೀದಾ ಹೋಟೆಲಿಗೆ ಹೋಗೋ ಗುಂಪು ತುಂಬ ಇದೆ, ನಾನೂ ಅದರಲ್ಲೊಬ್ಬ. ಸಾವಿರ ಮೆಟ್ಟಿಲು ಹತ್ತಿದೀವಿ, ಇವತ್ತು ಏನು ತಿಂದ್ರೂ ನಡೆಯುತ್ತೆ ಅಂತ ಭಾವನೆ. ಒಂದಿನ ಸುಮ್ನೆ ಹೈಸ್ಕೂಲ್ ಫಿಸಿಕ್ಸ್ ಹಾಕಿ ನೋಡಿದೆ. 70 ಕೆಜಿ ಮೈಯನ್ನ ಸುಮಾರು 300 ಮೀಟರ್ ಮೇಲಕ್ಕೆ ಎತ್ತೋಕೆ ಬೇಕಾಗೋದು ಬರೀ 50 ಕ್ಯಾಲರಿ. ಸ್ನಾಯು ಸುಡೋ ಶಕ್ತಿಯಲ್ಲಿ ಐದರಲ್ಲೊಂದು ಭಾಗದಷ್ಟೇ ಕೆಲಸಕ್ಕೆ ಬಂದು ಮಿಕ್ಕಿದ್ದು ಬಿಸಿಯಾಗಿ ಹೋಗುತ್ತೆ, ಹಾಗಾಗಿ ಒಟ್ಟು 250 ಅಂತ ಇಟ್ಕೊಳಿ. ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆ ಅಷ್ಟನ್ನ ಆರಾಮಾಗಿ ನುಂಗುತ್ತೆ, ಇನ್ನು ಉದ್ದಿನ ವಡೆ, ಕಾಫಿ ಎಲ್ಲ ಬೋನಸ್ಸು. ಬೆಟ್ಟ ಹತ್ತೋದು ಬಿಟ್ಟಿಲ್ಲ, ದೋಸೆನೂ ಬಿಟ್ಟಿಲ್ಲ, ಒಂದಕ್ಕೊಂದು ಗಂಟು ಹಾಕೋದು ಬಿಟ್ಟೆ ಅಷ್ಟೆ.

ಮೈ ಬೇರೆ ಕಡೆ ಉಳಿತಾಯ ಮಾಡೋದೂ ಇದೆ. ಬೆಳಿಗ್ಗೆ ಗಂಟೆ ನಡೆದಿದೀನಲ್ಲ ಅಂತ ಮಧ್ಯಾಹ್ನ ಒಂದು ಗಂಟೆ ಜಾಸ್ತಿ ಮಲಗ್ತೀವಿ, ಲಿಫ್ಟ್ ಹತ್ತೀವಿ, ನೀರಿನ ಲೋಟಾನೂ ಮಕ್ಕಳ ಕೈಲೇ ತರಿಸ್ತೀವಿ. ಹರ್ಮನ್ ಪಾಂಟ್ಜರ್ ಅನ್ನೋ ವಿಜ್ಞಾನಿ ಟಾಂಜಾನಿಯಾದ ಹಾಡ್ಜಾ ಬೇಟೆಗಾರರನ್ನ ಅಳತೆ ಮಾಡಿ 2012ರಲ್ಲಿ ಹೇಳಿದ್ದು ಇದಕ್ಕಿಂತ ವಿಚಿತ್ರ: ದಿನವಿಡೀ ಕಾಡು ಸುತ್ತೋ ಅವರ ಒಟ್ಟು ಖರ್ಚು, ಮೈತೂಕದ ವ್ಯತ್ಯಾಸ ತೆಗೆದ್ರೆ, ಕುರ್ಚಿ ಮೇಲೆ ಕೂತು ಕೆಲಸ ಮಾಡೋ ಅಮೆರಿಕದವರಷ್ಟೇ ಇತ್ತು.

ಸರಿ, ತಿನ್ನೋ ಕಡೆ ನೋಡೋಣ. ನೀವು 1400 ಅಂತ ಬರೆದಿದ್ದು ನಿಜವಾಗ್ಲೂ 1400ನಾ? ಆ್ಯಪ್‌ನಲ್ಲಿ 'ಚಿತ್ರಾನ್ನ ಒಂದು ಕಪ್' ಅಂತ ಒತ್ತಿದ್ರೆ ಅದು ಯಾರದೋ ಮನೆ ಚಿತ್ರಾನ್ನ. ನಿಮ್ಮನೆ ಬಾಣಲೆಗೆ ಎಷ್ಟು ಎಣ್ಣೆ ಬಿತ್ತು, ಎಷ್ಟು ಕಡ್ಲೆಕಾಯಿ ಬೀಜ ಬಿತ್ತು ಅಂತ ಅದಕ್ಕೇನು ಗೊತ್ತು? ಎಣ್ಣೆ ಗ್ರಾಮಿಗೆ 9 ಕ್ಯಾಲರಿ, ಅಕ್ಕಿ ಬೇಳೆಯ ಪಿಷ್ಟ, ಪ್ರೋಟೀನ್ ಎಲ್ಲ 4. ನಮ್ಮನೇಲಿ ಒಂದು ತಿಂಗಳು ಎಣ್ಣೆ ಪ್ಯಾಕೆಟ್ ಕವರ್‌ಗಳನ್ನ ಬಿಸಾಕದೆ ಒಂದು ಡಬ್ಬೀಲಿ ಹಾಕ್ತಾ ಬಂದ್ವಿ. ತಿಂಗಳ ಕೊನೆಗೆ ನಾಲ್ಕು ಕವರ್. ಮನೇಲಿ ನಾಲ್ಕು ಜನ. ಒಂದು ಲೀಟರ್ ಅಂದ್ರೆ 910 ಗ್ರಾಂ, ಹತ್ತಿರ ಹತ್ತಿರ 8200 ಕ್ಯಾಲರಿ, ತಲೆಗೆ ದಿನಕ್ಕೆ ಭಾಗಿಸಿದ್ರೆ 270. ಕರಿದು ಮಿಕ್ಕಿದ್ದು ಸ್ವಲ್ಪ ಚೆಲ್ಲಿದೀವಿ ಅಂದ್ರೂ 250. ನಿಮ್ಮ ಒಂದು ಗಂಟೆ ವಾಕಿಂಗಿಗಿಂತ ಜಾಸ್ತಿ, ಅದೂ ತುಪ್ಪ ಬಿಟ್ಟು! ಮಾರನೇ ದಿನ ಒಗ್ಗರಣೆಗೆ ಅಳತೆ ಚಮಚ ತಂದಿಟ್ಟೆ, ನನ್ನ ಹೆಂಡ್ತಿ ನೋಡಿ ಹಾಗಾದ್ರೆ ಇವತ್ತಿಂದ ಒಗ್ಗರಣೆ ನೀವೇ ಹಾಕಿ ಅಂತ ಸೌಟು ಕೈಗೆ ಕೊಟ್ಲು. ಮೂರು ತಿಂಗಳಾದ್ಮೇಲೆ ಎರಡೂವರೆ ಲೀಟರಿಗೆ ನಿಂತಿದೆ, ಅದರ ಕೆಳಗೆ ಹೋದ್ರೆ ಪಲ್ಯ ಗಂಟಲಲ್ಲಿ ಇಳಿಯಲ್ಲ.

ಮುದ್ದೆ ಬಗ್ಗೆನೂ ಹೇಳ್ಬೇಕು, ಯಾಕಂದ್ರೆ ಮುಂದಿನ ಪ್ರಶ್ನೆ ಅದೇ ಬರುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟೀಲಿ 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲರಿ, ಅಕ್ಕಿಗೆ 355. ಭಾರಿ ವ್ಯತ್ಯಾಸ ಏನಿಲ್ಲ. ರಾಗೀಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬುತ್ತೆ, ಅದು ಲಾಭ. ಎರಡು ದೊಡ್ಡ ಮುದ್ದೆ ಹೊಡೆದು ಡಯಟ್ ಅಂದ್ರೆ ಆಗಲ್ಲ.

ಹಾಗಾದ್ರೆ ನೀವು ಮಾಡ್ಬೇಕಾಗಿರೋದು: ಆ್ಯಪ್‌ನಲ್ಲಿ ವ್ಯಾಯಾಮದ ಕ್ಯಾಲರಿ ಸೇರಿಸೋ ಸೆಟ್ಟಿಂಗ್ ಆಫ್ ಮಾಡಿ, 1400-1500ರಲ್ಲಿ ನಿಲ್ಸಿ. 1800 ಖರ್ಚು, 1400 ಊಟ, ದಿನಕ್ಕೆ 400 ಕೊರತೆ, ಸುಮಾರು 19 ದಿನಕ್ಕೊಂದು ಕೆಜಿ. ತೀರಾ ಹಸಿವಾದ ದಿನ 100 ಜಾಸ್ತಿ ತಿನ್ನಿ, ಒಂದು ಮೊಟ್ಟೆ ಅಥವಾ ಒಂದು ಬಟ್ಟಲು ಹೆಸರುಕಾಳು ಉಸ್ಲಿ, ಆಕಾಶ ಬೀಳಲ್ಲ. 1200ಕ್ಕಿಂತ ಕೆಳಗೆ ಇಳೀಬೇಡಿ, ಕೊಬ್ಬಿನ ಜೊತೆ ಸ್ನಾಯುನೂ ಹೋಗುತ್ತೆ. ಅದನ್ನ ಉಳಿಸ್ಕೊಳೋಕೇ ವಾರಕ್ಕೆ ಎರಡು ದಿನ ಡಂಬೆಲ್ಲೋ, ಬಸ್ಕಿನೋ ಏನಾದ್ರೂ ಮಾಡಿ. ವಾಕಿಂಗ್ ನಿಲ್ಲಿಸೋ ಮಾತೇ ಇಲ್ಲ, ಶುಗರ್, ಬಿಪಿ, ನಿದ್ದೆ ಎಲ್ಲಕ್ಕೂ ಅದು ಬೇಕು, ಇಳಿದ ತೂಕ ಮತ್ತೆ ಏರದೇ ಇರೋಕಂತೂ ಇನ್ನೂ ಬೇಕು.

ವಾಪಸ್ ತಿನ್ನಲೇಬೇಕಾದೋರೂ ಇದಾರೆ. ಮ್ಯಾರಥಾನಿಗೆ ಅಂತ ಒಂದೂವರೆ ಎರಡು ಗಂಟೆ ಓಡೋರು ವಾಚ್ ತೋರಿಸಿದ್ದರಲ್ಲಿ ಅರ್ಧದಷ್ಟಾದ್ರೂ ತಿನ್ಬೇಕು, ಇಲ್ಲಾಂದ್ರೆ ಮಾರನೇ ದಿನ ಕಾಲೇ ಎತ್ತೋಕಾಗಲ್ಲ. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತಗೊಳೋರು ಊಟ ಕಡಿಮೆ ಮಾಡಿ ವ್ಯಾಯಾಮ ಜಾಸ್ತಿ ಮಾಡಿದ್ರೆ ಶುಗರ್ ಲೋ ಆಗಿ ತಲೆ ಸುತ್ತಿ ಬೀಳಬಹುದು, ಡೋಸ್ ಬಗ್ಗೆ ಮೊದಲು ಡಾಕ್ಟರ ಹತ್ರ ಮಾತಾಡಿ. ಬಸುರಿ, ಬಾಣಂತಿಯರಿಗೆ ಈ ಲೆಕ್ಕವೇ ಬೇಡ.

ತೂಕ ದಿನಾ ನೋಡಿ ಬೇಜಾರು ಮಾಡ್ಕೋಬೇಡಿ, ಹಿಂದಿನ ರಾತ್ರಿ ಉಪ್ಪಿನಕಾಯಿ ಹಪ್ಪಳ ಜೋರಾಗಿದ್ರೂ, ಪಿರಿಯಡ್ಸ್ ಹತ್ರ ಇದ್ರೂ, ಹೊಸ ವ್ಯಾಯಾಮಕ್ಕೆ ಕಾಲು ನೋಯ್ತಿದ್ರೂ ಮೈ ನೀರು ಹಿಡ್ಕೊಂಡು ಒಂದು ಕೆಜಿ ಮೇಲೆ ತೋರಿಸುತ್ತೆ. ವಾರಕ್ಕೊಂದು ದಿನ, ಬೆಳಿಗ್ಗೆ ಟಾಯ್ಲೆಟ್ಟಿಗೆ ಹೋಗಿ ಬಂದು, ಕಾಫಿಗೆ ಮುಂಚೆ ನೋಡಿ ಬರ್ಕೊಳಿ. ಜೊತೆಗೆ ಟೇಪ್ ಹಿಡಿದು ಸೊಂಟನೂ ಅಳೀರಿ, ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಮಿತಿ ಅಂತಾರೆ. ಆರು ವಾರ ಹೀಗೆ ನಡೆಸಿಯೂ ಎರಡೂ ಅಲ್ಲಾಡದಿದ್ರೆ, ಥೈರಾಯ್ಡ್ ಟೆಸ್ಟ್ ಮಾಡಿಸಿ, ಹಾಗೇ ಎಣ್ಣೆ ಕವರೂ ಎಣಿಸಿ ನೋಡಿ.